ದಸರಾ ರಜೆಯೋ ಓಣಂ ರಜೆಯೋ: ಗಡಿ ದಾಟುವ ಮಗು ಮತ್ತು ನ್ಯಾಯಾಲಯದ ಆದೇಶ

ಮಗು ಯಾರ ಬಳಿ ಇರಬೇಕೆಂದು ನ್ಯಾಯಾಲಯ ಒಮ್ಮೆ ತೀರ್ಮಾನಿಸಿದ ಮೇಲೂ ತಂದೆತಾಯಿಗಳು ಅದೇ ಆದೇಶವನ್ನು ಹಿಡಿದುಕೊಂಡು ಮತ್ತೆ ಮತ್ತೆ ಕೋರ್ಟಿಗೆ ಏಕೆ ಹೋಗುತ್ತಾರೆ ಎಂದು ನೀವು ಬೆಂಗಳೂರಿನಿಂದ ಕೇಳಿದ್ದೀರಿ. ಕಾಸರಗೋಡಿನವನಾದ ನಾನು ಇದಕ್ಕೆ ಉತ್ತರವನ್ನು ಶಾಲೆಯ ರಜಾಪಟ್ಟಿಯಿಂದಲೇ ಆರಂಭಿಸಬೇಕಾಗಿದೆ. 1956ರ ನವೆಂಬರ್ 1ರಂದು ನಮ್ಮ ಪ್ರದೇಶ ಅಂದಿನ ಸೌತ್ ಕೆನರಾ ಜಿಲ್ಲೆಯಿಂದ ಬೇರ್ಪಟ್ಟು ಕೇರಳಕ್ಕೆ ಸೇರಿತಾದರೂ, ನೆಂಟಸ್ತಿಕೆಗಳು ತಲಪಾಡಿಯ ಗಡಿಯನ್ನು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ. ನಮ್ಮ ಕಡೆಯ ಕುಂಬಳೆಯ ಹೆಣ್ಣನ್ನು ಗಡಿಯಾಚೆಯ ಮಂಗಳೂರಿಗೆ ಕೊಡುವುದು, ಪುತ್ತೂರಿನಿಂದ ಮಂಜೇಶ್ವರಕ್ಕೆ ಸೊಸೆ ತರುವುದು ಇಂದಿಗೂ ಸಾಮಾನ್ಯ. ಅಂಥ ಮದುವೆ ಮುರಿದಾಗ ಒಂದೇ ಮಗುವಿನ ಬದುಕು ಎರಡು ರಾಜ್ಯಗಳ ನಡುವೆ ಹಂಚಿಹೋಗುತ್ತದೆ.

ಒಂದು ಉದಾಹರಣೆಯನ್ನು ಊಹಿಸಿಕೊಳ್ಳಿ. ಮಗು ತಾಯಿಯ ಬಳಿ ಇರಬೇಕು, ದಸರಾ ರಜೆಯ ಅರ್ಧಭಾಗವನ್ನು ತಂದೆಯೊಂದಿಗೆ ಕಳೆಯಬೇಕು ಎಂದು ಮಂಗಳೂರಿನ ಕೌಟುಂಬಿಕ ನ್ಯಾಯಾಲಯ ವಿಚ್ಛೇದನದ ಡಿಕ್ರಿಯಲ್ಲಿ, ಅಂದರೆ ತೀರ್ಪಿನ ಅಂತಿಮ ಆದೇಶದಲ್ಲಿ, ಹೇಳಿದೆ. ತಾಯಿ ಕುಂಬಳೆಯ ತವರಿಗೆ ಬಂದು ಮಗುವನ್ನು ಇಲ್ಲಿನ ಶಾಲೆಗೆ ಸೇರಿಸುತ್ತಾಳೆ. ಕರ್ನಾಟಕದ ಶಾಲೆಗಳಿಗೆ ವರ್ಷದ ನಡುವಿನ ದೊಡ್ಡ ರಜೆ ದಸರೆಗೆ ಸಿಕ್ಕಿದರೆ, ಕೇರಳದ ಶಾಲೆಗಳಿಗೆ ಅದು ಓಣಂಗೆ ಮತ್ತು ಕ್ರಿಸ್ಮಸ್‌ಗೆ ಸಿಗುತ್ತದೆ. ಇಲ್ಲಿ ದಸರೆಗೆ ಸಿಗುವುದು ಪೂಜೆಯ ಕೆಲವೇ ದಿನಗಳು. ಒಂದು ವಾರವಾದರೂ ಮಗು ತನ್ನ ಬಳಿ ಇರಬೇಕೆಂದು ತಂದೆ ಹೇಳುತ್ತಾನೆ, ಶಾಲೆಯೇ ಅಷ್ಟು ರಜೆ ಕೊಟ್ಟಿಲ್ಲವಲ್ಲ ಎಂದು ತಾಯಿ ಹೇಳುತ್ತಾಳೆ. ಇಬ್ಬರ ಮಾತಿನಲ್ಲೂ ಸುಳ್ಳಿಲ್ಲ.

ಇಂಥಲ್ಲಿ ಸ್ಪಷ್ಟೀಕರಣಕ್ಕೂ ಮಾರ್ಪಾಡಿಗೂ ಇರುವ ವ್ಯತ್ಯಾಸ ಮುಖ್ಯವಾಗುತ್ತದೆ. ಸ್ಪಷ್ಟೀಕರಣವೆಂದರೆ ಆದೇಶ ಬರೆದ ನ್ಯಾಯಾಲಯವೇ ತಾನು ಬರೆದುದರ ಅರ್ಥವನ್ನು ಬಿಡಿಸಿ ಹೇಳುವುದು. ಅದರಿಂದ ಯಾರಿಗೂ ಹೊಸ ಹಕ್ಕು ಹುಟ್ಟುವುದಿಲ್ಲ. ‘ದಸರಾ ರಜೆ’ ಎಂದಾಗ ತನ್ನ ಮನಸ್ಸಿನಲ್ಲಿದ್ದುದು ಶಾಲೆಯ ಮಧ್ಯಾವಧಿ ರಜೆ ಎಂದು ನ್ಯಾಯಾಧೀಶರು ಹೇಳಿದರೆ ಅದು ಸ್ಪಷ್ಟೀಕರಣ. ದಿನಾಂಕವೋ ಹೆಸರೋ ತಪ್ಪಾಗಿ ಅಚ್ಚಾಗಿದ್ದರೆ ಸಿವಿಲ್ ಪ್ರಕ್ರಿಯಾ ಸಂಹಿತೆಯ 152ನೇ ಕಲಮಿನಡಿ ಯಾವಾಗ ಬೇಕಾದರೂ ತಿದ್ದಿಸಬಹುದು. ಆದರೆ ಓಣಂ, ಕ್ರಿಸ್ಮಸ್ ರಜೆಗಳೆರಡೂ ತನಗೇ ಪೂರ್ತಿಯಾಗಿ ಬೇಕೆಂದು ತಂದೆ ಕೇಳಿದರೆ, ಅರ್ಜಿಯ ತಲೆಬರಹದಲ್ಲಿ ಏನೇ ಬರೆದಿದ್ದರೂ, ಅವನು ಕೇಳುತ್ತಿರುವುದು ಮಾರ್ಪಾಡನ್ನೇ. ಹೆಸರು ಬದಲಿಸಿ ಹಾಕಿದ ಇಂಥ ಅರ್ಜಿಗಳಿಂದ ತಿಂಗಳುಗಳು ವ್ಯರ್ಥವಾಗುತ್ತವೆ ಎಂಬುದು ನನ್ನ ಅಭಿಪ್ರಾಯ.

ಮಾರ್ಪಾಡಿಗೆ ಕಾನೂನು ಬಾಗಿಲು ತೆರೆದೇ ಇಟ್ಟಿದೆ. ಹಿಂದೂ ವಿವಾಹ ಕಾಯ್ದೆ, 1955ರ 26ನೇ ಕಲಮಿನ ಪ್ರಕಾರ ಡಿಕ್ರಿಯಾದ ನಂತರವೂ ನ್ಯಾಯಾಲಯವು ಮಗುವಿನ ಪಾಲನೆ, ಜೀವನಾಂಶ ಮತ್ತು ಶಿಕ್ಷಣದ ಬಗ್ಗೆ ತಾನು ಕೊಟ್ಟ ಆದೇಶಗಳನ್ನು ರದ್ದುಪಡಿಸಬಹುದು, ತಡೆಹಿಡಿಯಬಹುದು ಅಥವಾ ಬದಲಿಸಬಹುದು. ಇತರ ಧರ್ಮದವರಿಗೂ ಅನ್ವಯಿಸುವ 1890ರ ಪಾಲಕರು ಮತ್ತು ಪಾಲ್ಯರ ಕಾಯ್ದೆಯಡಿಯಲ್ಲೂ ಮಗುವಿನ ಕ್ಷೇಮವೇ ಅಳತೆಗೋಲು. ಮಗುವಿನ ಪಾಲನೆಯ ಆದೇಶ ಕಲ್ಲಿನ ಮೇಲಿನ ಶಾಸನವಲ್ಲ, ಪೋಷಕರ ಒಪ್ಪಿಗೆಯಿಂದಲೇ ಆಗಿದ್ದರೂ ಮಗುವಿನ ಹಿತಕ್ಕಾಗಿ ಅದನ್ನು ಬದಲಿಸಬಹುದು ಎಂಬ ನಿಲುವನ್ನು ಸುಪ್ರೀಂ ಕೋರ್ಟ್ 1973ರಲ್ಲೇ ತಳೆದಿದೆ. ಹಾಗೆಂದು ತೀರ್ಪು ಹಿಡಿಸಲಿಲ್ಲವೆಂಬ ಕಾರಣ ಸಾಲದು. ಅದಕ್ಕೆ ಮೇಲ್ಮನವಿಯ ದಾರಿಯಿದೆ, ಕೌಟುಂಬಿಕ ನ್ಯಾಯಾಲಯದ ತೀರ್ಪಿನ ಮೇಲೆ 30 ದಿನಗಳೊಳಗೆ ಹೈಕೋರ್ಟಿಗೆ ಹೋಗಬೇಕು. ಮಾರ್ಪಾಡು ಬೇಕೆಂದವರು ಆದೇಶದ ನಂತರ ಪರಿಸ್ಥಿತಿ ಬದಲಾಗಿದೆ, ಆ ಬದಲಾವಣೆ ಮಗುವನ್ನು ಮುಟ್ಟುತ್ತಿದೆ ಎಂದು ತೋರಿಸಬೇಕಾಗುತ್ತದೆ: ಊರು ಬಿಟ್ಟದ್ದು, ಕಾಯಿಲೆ, ನಿರ್ಲಕ್ಷ್ಯ, ಅಥವಾ ಮಗು ಬೆಳೆದು ದೊಡ್ಡದಾದದ್ದು.

ಈ ಕೊನೆಯದರ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು. ಹಿಂದೂ ಕಾನೂನಿನಲ್ಲಿ ಐದು ವರ್ಷ ತುಂಬದ ಮಗು ಸಾಮಾನ್ಯವಾಗಿ ತಾಯಿಯ ಬಳಿ ಇರಬೇಕೆಂಬ ನಿಯಮವಿದೆ; ಮುಂದೆ ಮಗು ಬುದ್ಧಿ ತಿಳಿದು ಇಷ್ಟಾನಿಷ್ಟ ಹೇಳುವಷ್ಟು ದೊಡ್ಡದಾದಾಗ ಅದರ ಅಭಿಪ್ರಾಯವನ್ನೂ ನ್ಯಾಯಾಲಯ ಪರಿಗಣಿಸಬಹುದು. ಅನೇಕ ಸಲ ನ್ಯಾಯಾಧೀಶರು ಮಗುವನ್ನು ತಮ್ಮ ಕೊಠಡಿಗೇ ಕರೆಸಿ ಮಾತನಾಡಿಸುತ್ತಾರೆ. ನಮ್ಮ ಕಡೆ ಮಗು ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಆಟದ ಬಯಲಿನಲ್ಲಿ ಮಲಯಾಳ ಆಡುವುದುಂಟು. ಅದು ತನ್ನ ಮನಸ್ಸನ್ನು ಯಾವ ಭಾಷೆಯಲ್ಲಿ ಬಿಚ್ಚುತ್ತದೆ ಎಂಬುದನ್ನು ವಕೀಲರಿಗೆ ಮೊದಲೇ ತಿಳಿಸಿಡುವುದು ಒಳ್ಳೆಯದು.

ಇನ್ನು ಅರ್ಜಿ ಎಲ್ಲಿ ಹಾಕಬೇಕೆಂಬ ಪ್ರಶ್ನೆ. ಡಿಕ್ರಿ ಕೊಟ್ಟ ನ್ಯಾಯಾಲಯಕ್ಕೇ 26ನೇ ಕಲಮಿನ ಅರ್ಜಿ ಹೋಗುತ್ತದೆ. 1890ರ ಕಾಯ್ದೆಯ ಅರ್ಜಿಗೆ ಮಗು ಸಾಮಾನ್ಯವಾಗಿ ವಾಸಿಸುವ ಜಾಗದ ನ್ಯಾಯಾಲಯಕ್ಕೆ ವ್ಯಾಪ್ತಿ ಇರುತ್ತದೆ. ಪ್ರಕರಣವನ್ನೇ ಮಂಗಳೂರಿನಿಂದ ಕಾಸರಗೋಡಿಗೆ ವರ್ಗಾಯಿಸಬೇಕೆಂದರೆ, ಐವತ್ತು ಕಿಲೋಮೀಟರಿನಷ್ಟು ದೂರಕ್ಕೆ ದೆಹಲಿಯ ಕದ ತಟ್ಟಬೇಕು, ಏಕೆಂದರೆ ಒಂದು ರಾಜ್ಯದಿಂದ ಇನ್ನೊಂದಕ್ಕೆ ವರ್ಗಾಯಿಸುವ ಅಧಿಕಾರ ಸುಪ್ರೀಂ ಕೋರ್ಟಿಗಿದೆ.

2020ರ ಮಾರ್ಚಿನಲ್ಲಿ ಕೊರೊನಾ ಹರಡದಂತೆ ತಡೆಯಲು ಗಡಿಯ ರಸ್ತೆಗಳಿಗೆ ಮಣ್ಣು ಸುರಿದು ಮುಚ್ಚಿದಾಗ ಕೈಯಲ್ಲಿ ಭೇಟಿಯ ಆದೇಶವಿದ್ದವರೂ ಮಗುವನ್ನು ಆಚೆ ಕರೆದೊಯ್ಯುವಂತಿರಲಿಲ್ಲ. ಪೋಷಕರಿಬ್ಬರಲ್ಲಿ ಯಾರೂ ಆದೇಶ ಮುರಿದಿರಲಿಲ್ಲ, ಅದನ್ನು ಪಾಲಿಸುವ ದಾರಿಯೇ ಮುಚ್ಚಿತ್ತು. ಮಗು ಬಳಿಯಲ್ಲಿಲ್ಲದ ಪೋಷಕರಿಗೆ ದಿನವೂ ಐದು-ಹತ್ತು ನಿಮಿಷ ಅದರೊಂದಿಗೆ ಮಾತನಾಡುವ ಹಕ್ಕಿರಬೇಕೆಂದು ಸುಪ್ರೀಂ ಕೋರ್ಟ್ ಅದೇ ವರ್ಷದ ಜನವರಿಯಲ್ಲಿ ಹೇಳಿತ್ತು. ಭೇಟಿಗೆ ಬದಲಾಗಿ ವಿಡಿಯೋ ಕರೆ ಕೇಳುವವರಿಗೆ ಅದು ಆಧಾರವಾಯಿತು. ಆದರೆ ದಾರಿ ತೆರೆದಿರುವಾಗ, ಅರ್ಜಿ ಹಾಕಿದ್ದೇನೆಂಬ ನೆಪದಲ್ಲಿ ಮಗುವನ್ನು ಕಳುಹಿಸದಿರುವಂತಿಲ್ಲ. ಬದಲಾಗುವ ತನಕ ಹಳೆಯ ಆದೇಶವೇ ಜಾರಿಯಲ್ಲಿರುತ್ತದೆ, ಅದನ್ನು ಮುರಿದವರ ವಿರುದ್ಧ ಅಮಲ್ಜಾರಿ ಅರ್ಜಿ, ಅಂದರೆ ಆದೇಶವನ್ನು ಜಾರಿಗೊಳಿಸಿ ಎಂದು ಕೋರುವ ಅರ್ಜಿ, ಹಾಕಬಹುದು.

ಆದ್ದರಿಂದ ನಿಮ್ಮ ಪರಿಚಿತರು ಈಗ ರಾಜಿಯ ಷರತ್ತುಗಳನ್ನು ಬರೆಸುತ್ತಿದ್ದರೆ, ‘ಮಗು ಆಯಾ ವರ್ಷ ಓದುತ್ತಿರುವ ಶಾಲೆಯ ರಜಾಪಟ್ಟಿಯಂತೆ’ ಎಂಬ ಮಾತನ್ನು ಸೇರಿಸಲು ಹೇಳಿ. ಮಗುವನ್ನು ತಲಪಾಡಿಯ ಯಾವ ಬದಿಯಲ್ಲಿ, ಎಷ್ಟು ಗಂಟೆಗೆ, ಯಾರ ಕೈಗೆ ಒಪ್ಪಿಸಬೇಕೆಂಬುದನ್ನೂ ಅದರಲ್ಲೇ ಬರೆಸಲಿ.