ಓದುಗರ ಪ್ರಶ್ನೆ: ಮೆಂಟರ್ ಇರೋದು ಬರೀ ಸಹಿಗಾ?

ಪ್ರಶ್ನೆ: ನಾನು ವಿಟಿಯು (ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ) ಕಾಲೇಜಲ್ಲಿ ಇಂಜಿನಿಯರಿಂಗ್ ಐದನೇ ಸೆಮ್. 2022ರ ಸ್ಕೀಮ್, ಅಂದರೆ ಆ ವರ್ಷದ ಪಠ್ಯಕ್ರಮ. ನಮ್ಮ ಮೆಂಟರ್ ಮೇಡಂ (ನಮಗೆ ದಾರಿ ತೋರಿಸೋಕೆ ಅಂತ ಕಾಲೇಜು ಗೊತ್ತು ಮಾಡಿದ ಲೆಕ್ಚರರ್) ಆಗಾಗ ಕರೆದು, ಮಾತುಕತೆ ಬರೆದಿಡೋ ಮೆಂಟರ್ ಬುಕ್‌ಗೆ ಸಹಿ ಹಾಕಿಸಿಕೊಂಡು ಕಳಿಸುತ್ತಾರೆ, ಅಷ್ಟೇ. ಮುಂದಿನ ಸೆಮ್‌ಗೆ ಯಾವ ಓಪನ್ ಎಲೆಕ್ಟಿವ್ (ನಾವೇ ಆರಿಸಿಕೊಳ್ಳೋ, ಬೇರೆ ವಿಭಾಗದ್ದೂ ಆಗಬಹುದಾದ ವಿಷಯ) ತಗೊಳ್ಳಲಿ ಅಂತ ಕೇಳಿದರೆ ‘ನಿನ್ನಿಷ್ಟ’ ಅಂದರು. ಒಂದು ಸಬ್ಜೆಕ್ಟ್‌ನಲ್ಲಿ ಅಟೆಂಡೆನ್ಸ್ 78ಕ್ಕೆ ಇಳಿದಾಗ ಮಾತ್ರ ಸೀದಾ ಮನೆಗೆ ಫೋನ್ ಹೋಯಿತು. ಇಂಥ ಮೆಂಟರ್ ಯಾಕೆ ಬೇಕು?
— ಹೆಸರು ಬೇಡ, ಹಾಸನ

ಉತ್ತರ: ನಿಮ್ಮ ಸಿಟ್ಟು ಅರ್ಧ ಸರಿ. ‘ನಿನ್ನಿಷ್ಟ’ ಅಂದಿದ್ದು ತಪ್ಪಲ್ಲ, ಆಯ್ಕೆ ನಿಮ್ಮದೇ. ಆದರೆ ಅಲ್ಲಿಗೇ ಮಾತು ನಿಲ್ಲಿಸಿದ್ದು ತಪ್ಪು. ಯಾವ ವಿಷಯ ನಿಜವಾಗಿ ನಡೆಯುತ್ತೆ, ಯಾರು ಪಾಠ ಮಾಡ್ತಾರೆ, ಸಾಕಷ್ಟು ಜನ ಸೇರದೆ ಯಾವುದು ರದ್ದಾಗಬಹುದು (ಓಪನ್ ಎಲೆಕ್ಟಿವ್‌ಗೆ ಕನಿಷ್ಠ 10 ಜನ ಬೇಕು), ಇದೆಲ್ಲ ಡಿಪಾರ್ಟ್‌ಮೆಂಟಿನ ಒಳಗಿರುವವರಿಗೆ ಗೊತ್ತಿರುತ್ತೆ, ನಿಮಗೆ ಗೊತ್ತಿರಲ್ಲ. ಅದನ್ನು ಹೇಳುವುದು ಅವರ ಕೆಲಸ.

ಈಗ ನಿಮ್ಮ ಕಡೆ ಬರೋಣ. ‘ಯಾವುದು ತಗೊಳ್ಳಲಿ’ ಅಂತ ಬರಿಗೈಲಿ ಹೋಗಿ ಕೇಳಿದರೆ ಯಾರಾದರೂ ಹಾಗೇ ಉತ್ತರ ಕೊಡುತ್ತಾರೆ. ಸಿಲಬಸ್ ಓದಿ, ಎರಡಕ್ಕೆ ಇಳಿಸಿಕೊಂಡು, ‘ಮೇಡಂ, ನನಗೆ ಎಂಬೆಡೆಡ್ ಕಡೆ ಕೆಲಸ ಬೇಕು, ಈ ಎರಡರಲ್ಲಿ ಯಾವುದರ ಪಾಠ ಕಳೆದ ವರ್ಷ ಚೆನ್ನಾಗಿ ನಡೀತು’ ಅಂತ ಕೇಳಿ ನೋಡಿ. ಆಗಲೂ ‘ನಿನ್ನಿಷ್ಟ’ ಅಂದರೆ ಆ ವಿಷಯ ಕಲಿಸುವವರ ಹತ್ತಿರವೇ ಹೋಗಿ. ಮೆಂಟರ್ ಒಬ್ಬರನ್ನೇ ಕೇಳಬೇಕು ಅಂತ ಯಾರೂ ಬರೆದಿಟ್ಟಿಲ್ಲ.

ಅಟೆಂಡೆನ್ಸ್ ವಿಷಯದಲ್ಲಿ ನಾನು ನಿಮ್ಮ ಪರ ಇಲ್ಲ. ಪ್ರತಿ ಸಬ್ಜೆಕ್ಟ್‌ಗೂ 85 ಪರ್ಸೆಂಟ್ ಬೇಕು ಅನ್ನೋದು ನಿಯಮ. 40 ಗಂಟೆಯ ಸಬ್ಜೆಕ್ಟ್ ಅಂದರೆ 34 ಗಂಟೆ ಕೂರಬೇಕು, ತಪ್ಪಿಸಿಕೊಳ್ಳಲು ಇರೋದು ಆರೇ ಗಂಟೆ. ಅದಕ್ಕಿಂತ ಕಡಿಮೆಯಾದರೆ 10 ಪರ್ಸೆಂಟ್‌ವರೆಗೆ ರಿಯಾಯಿತಿ ಉಂಟು, ಆದರೆ ಅದು ನಿಮ್ಮ ಮೇಡಂ ಕೈಯಲ್ಲಿಲ್ಲ. ಸರಿಯಾದ ಕಾರಣ ಇದ್ದು ಪ್ರಿನ್ಸಿಪಾಲರು ಶಿಫಾರಸು ಮಾಡಿದರೆ ಕುಲಪತಿಗಳು ಕೊಡಬಹುದು. ಜ್ವರ ಬಂದಿದ್ದರೆ ಡಾಕ್ಟರ್ ಚೀಟಿಯನ್ನು ಆ ವಾರವೇ ಕೊಡಿ, ಸೆಮ್ ಮುಗಿಯುವಾಗ ಹುಡುಕಿ ತಂದ ಚೀಟಿಯನ್ನು ಯಾರೂ ನಂಬಲ್ಲ. ಹಾಂ, ಮನೆಗೆ ಫೋನ್ ಮಾಡುವ ಮೊದಲು ನಿಮ್ಮನ್ನು ಕೂರಿಸಿ ಕೇಳಬೇಕಿತ್ತು, ಅದು ನಿಜ.

ಇನ್ನೊಂದು ಲೆಕ್ಕ ಹೇಳಿಬಿಡ್ತೀನಿ. ಇಂಟರ್ನಲ್ಸ್‌ನಲ್ಲಿ 50ಕ್ಕೆ 20, ಎಕ್ಸಾಮ್‌ನಲ್ಲಿ 50ಕ್ಕೆ 18 ಬಂದರೆ ಪಾಸ್ ಅಂದುಕೊಳ್ಳುವವರು ಬಹಳ ಜನ. ಕೂಡಿಸಿ ನೋಡಿ, 38. ಒಟ್ಟು 40 ಬೇಕು! ಮೊದಲ ಇಂಟರ್ನಲ್ಸ್ ಆದ ಕೂಡಲೇ ಕುಂಟುತ್ತಿರುವವರನ್ನು ಕರೆದು ಇದನ್ನು ಹೇಳುವ ಮೆಂಟರ್ ಇದ್ದರೆ ಎಷ್ಟೋ ಬ್ಯಾಕ್‌ಲಾಗ್ ತಪ್ಪುತ್ತೆ. ಎಷ್ಟೋ ಕಡೆ ಮೆಂಟರ್ ಬುಕ್ ತುಂಬೋದು ನ್ಯಾಕ್ (ಕಾಲೇಜುಗಳ ಗುಣಮಟ್ಟ ಅಳೆಯುವ ಸಂಸ್ಥೆ) ಪರಿಶೀಲನೆಗೆ ಮುಂಚೆ, ಆಗ ಎರಡು ವರ್ಷದ ಸಹಿ ಒಂದೇ ಪೆನ್ನಿನಲ್ಲಿ ಬೀಳುತ್ತೆ. ನಿಮ್ಮ ಬುಕ್‌ನಲ್ಲಿ ಆಡದ ಮಾತು ಬರೆದಿದ್ದರೆ ಸಹಿ ಹಾಕಬೇಡಿ, ಮರ್ಯಾದೆಯಿಂದಲೇ ಕೇಳಿ. ಡಿಗ್ರಿಗೆ ಬೇಕಾದ, ಪಾಠದ ಹೊರಗಿನ ಚಟುವಟಿಕೆಗೆ ಸಿಗುವ 100 ಆಕ್ಟಿವಿಟಿ ಪಾಯಿಂಟ್ಸ್ ಎಲ್ಲಿಗೆ ಬಂತು ಅನ್ನೋದನ್ನೂ ಈಗಲೇ ನೋಡಿಕೊಳ್ಳಿ.

ಪ್ರಶ್ನೆ: ಮಗಳು ಅಮೆರಿಕದಲ್ಲಿ ಎಂಎಸ್ ಓದ್ತಿದ್ದಾಳೆ. ಮೊದಲನೇ ಸೆಮಿಸ್ಟರ್. ಒಂದು ಕೋರ್ಸ್ ತುಂಬಾ ಕಷ್ಟ, ಬಿಡ್ತೀನಿ ಅಂತಾಳೆ. ಓದಿನ ಬಗ್ಗೆ ಸಲಹೆ ಕೊಡೋ ಅಡ್ವೈಸರ್ ಸರಿ ಅಂದರಂತೆ. ವಿಷಯ ಏನು ಅಂತ ಕೇಳಿ ನಾನೇ ಅವರಿಗೆ ಮೇಲ್ ಹಾಕಿದರೆ ‘ಹೇಳೋಕಾಗಲ್ಲ’ ಅಂತ ಉತ್ತರ ಬಂತು. ಫೀಸ್ ಕಟ್ಟೋನು ನಾನು ಸ್ವಾಮಿ!
— ಒಬ್ಬ ತಂದೆ, ದಾವಣಗೆರೆ

ಉತ್ತರ: ಫೀಸ್ ನಿಮ್ಮದು, ದಾಖಲೆ ಅವಳದು. ಅಲ್ಲಿ ಫೆರ್ಪಾ ಅಂತ 1974ರ ಕಾನೂನು ಇದೆ. ಕಾಲೇಜು ಸೇರಿದ ಮೇಲೆ ಓದಿನ ದಾಖಲೆಯ ಹಕ್ಕು ವಿದ್ಯಾರ್ಥಿಗೇ ಹೋಗುತ್ತೆ. ಅವಳು ಲಿಖಿತ ಒಪ್ಪಿಗೆ ಕೊಡದೆ ಅವರು ನಿಮಗೆ ಮಾರ್ಕ್ಸ್ ಹೇಳಿದರೆ ಅವರಿಗೇ ತೊಂದರೆ. ಬೇಜಾರು ಮಾಡ್ಕೋಬೇಡಿ, ಮಗಳನ್ನೇ ಕೇಳಿ.

ಆದರೆ ಅವಳಿಗೆ ಇವತ್ತೇ ಒಂದು ಮಾತು ಹೇಳಿ: ಕೋರ್ಸ್ ಬಿಡುವ ಬಟನ್ ಒತ್ತಬೇಡ. ಅಡ್ವೈಸರ್ ನೋಡೋದು ಡಿಗ್ರಿಯನ್ನು, ಈ ಕೋರ್ಸ್ ಮುಂದಿನ ವರ್ಷ ತಗೊಂಡರೂ ನಡೆಯುತ್ತೆ ಅಂತ ಅವರು ಹೇಳಿದ್ದು ಅವರ ಮಟ್ಟಿಗೆ ಸರಿಯೇ ಇರಬಹುದು. ವೀಸಾ ವಿಷಯ ನೋಡೋರು ಬೇರೆ, ಯೂನಿವರ್ಸಿಟಿಯ ಇಂಟರ್‌ನ್ಯಾಷನಲ್ ಆಫೀಸಿನ ಅಧಿಕಾರಿ, ಅವರನ್ನು ಡಿಎಸ್‌ಒ ಅಂತಾರೆ. ಎಫ್-1 ಅನ್ನೋ ವಿದ್ಯಾರ್ಥಿ ವೀಸಾದಲ್ಲಿರುವವರು ಪ್ರತಿ ಸೆಮಿಸ್ಟರ್ ಪೂರ್ತಿ ಲೋಡ್ ಓದಬೇಕು. ಎಂಎಸ್‌ಗೆ ಅದು ಎಷ್ಟು ಅಂತ ಯೂನಿವರ್ಸಿಟಿಯೇ ಹೇಳುತ್ತೆ, ಸಾಮಾನ್ಯವಾಗಿ 9 ಕ್ರೆಡಿಟ್. ಅದಕ್ಕಿಂತ ಇಳಿಯಬೇಕಾದರೆ ಡಿಎಸ್‌ಒ ಒಪ್ಪಿಗೆ ಮೊದಲು, ಡ್ರಾಪ್ ಆಮೇಲೆ. ಇದು ಉಲ್ಟಾ ಆದರೆ ವೀಸಾ ಸ್ಟೇಟಸ್‌ಗೇ ಕುತ್ತು. ಅಲ್ಲಿನ ಪಾಠದ ಕ್ರಮ ಹೊಸದಾಗಿ ಕಷ್ಟವಾಗುತ್ತಿದೆ ಅಂಥ ಕಾರಣಕ್ಕೆ ಒಪ್ಪಿಗೆ ಸಿಗಬಹುದು, ಆದರೆ ಓದಿನ ಕಷ್ಟದ ಹೆಸರಲ್ಲಿ ಒಂದು ಡಿಗ್ರಿ ಹಂತಕ್ಕೆ ಒಂದೇ ಸಲ, ಅದೂ ಅರ್ಧ ಲೋಡ್‌ಗಿಂತ ಕೆಳಗೆ ಇಳಿಯುವಂತಿಲ್ಲ. ಈಗಲೇ ಅದನ್ನು ಬಳಸಿಬಿಡಬೇಕಾ ಅಂತ ಅವಳೇ ಯೋಚಿಸಲಿ. ಅಡ್ವೈಸರ್, ಡಿಎಸ್‌ಒ ಇಬ್ಬರನ್ನೂ ಭೇಟಿಯಾಗಿ, ಹೇಳಿದ್ದನ್ನು ಮೇಲ್‌ನಲ್ಲಿ ಬರೆಸಿಕೊಳ್ಳೋದು ಅವಳ ಕೆಲಸ.

ಪ್ರಶ್ನೆ: ನಾನು ಉಪನ್ಯಾಸಕಿ, 25 ಮಕ್ಕಳಿಗೆ ಮೆಂಟರ್. ರಾತ್ರಿ ಹನ್ನೊಂದಕ್ಕೂ ವಾಟ್ಸಾಪ್ ಬರುತ್ತೆ. ಮನೆ ಜಗಳ, ಪ್ರೀತಿ, ಹಾಸ್ಟೆಲ್ ಊಟ, ಎಲ್ಲ ನನಗೇ. ನನ್ನ ಕೆಲಸ ಎಲ್ಲಿಗೆ ಮುಗಿಯುತ್ತೆ?
— ಮೈಸೂರು

ಉತ್ತರ: ವಾರದಲ್ಲಿ ಒಂದು ಗಂಟೆ ಗೊತ್ತು ಮಾಡಿ, ಬಾಗಿಲ ಮೇಲೆ ಅಂಟಿಸಿ. ರಾತ್ರಿಯ ‘ಮಿಸ್, ನಾಳೆ ಪೋರ್ಷನ್ ಎಷ್ಟು’ಗೆ ಬೆಳಿಗ್ಗೆ ಉತ್ತರ ಕೊಟ್ಟರೆ ಸಾಕು. ಊಟದ ದೂರು ವಾರ್ಡನ್‌ಗೆ ಹೋಗಲಿ. ಆದರೆ ‘ಬದುಕೋದೇ ಬೇಡ ಅನಿಸ್ತಿದೆ’ ಅನ್ನುವ ಮೆಸೇಜ್ ಬಂದರೆ ಆ ಕ್ಷಣವೇ ಫೋನ್ ಮಾಡಿ, ಮೆಸೇಜ್ ಕಳಿಸಿದವರು ಒಬ್ಬರೇ ಇರದ ಹಾಗೆ ನೋಡಿಕೊಳ್ಳಿ, ಕಾಲೇಜಿನ ಕೌನ್ಸೆಲರ್‌ಗೂ ತಿಳಿಸಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಯಾವ ಹೊತ್ತಿನಲ್ಲಾದರೂ ಕರೆ ಮಾಡಬಹುದು, ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೂ ಮಾತಾಡ್ತಾರೆ. ನಂಬರನ್ನು ಮೊದಲ ಭೇಟಿಯಲ್ಲೇ ಎಲ್ಲರಿಗೂ ಕೊಟ್ಟುಬಿಡಿ.