ನರ್ಸಿಂಗ್ ಮುಗಿಸಿದ ತಂಗಿ ಕನ್ಯಾಸ್ತ್ರೀ ಆಗಿ ಮುಂಬೈಯ ಬಡವರ ನಡುವೆ ಕೆಲಸ ಮಾಡುತ್ತೇನೆ ಅನ್ನುತ್ತಾಳೆ. ಆ ಬದುಕು ಹೇಗಿರುತ್ತದೆ?

ನಾನು ಕ್ರೈಸ್ತನಲ್ಲ. ಮುಂಬೈಯ ಮಾನ್‌ಖುರ್ದ್‌ನಲ್ಲಿ ಮೆಡಿಕಲ್ ಶಾಪ್ ಇಟ್ಟಿದ್ದೇನೆ. ಹತ್ತಿರದಲ್ಲೇ ಸಿಸ್ಟರ್‌ಗಳ ಸಣ್ಣ ದವಾಖಾನೆ ಇದೆ, ಅವರಿಗೆ ಬ್ಯಾಂಡೇಜು, ಮಾತ್ರೆ ಹೋಗುವುದು ನಮ್ಮಲ್ಲಿಂದಲೇ. ಹಾಗಾಗಿ ಹೊರಗಿನವನಾಗಿ ಕಂಡಷ್ಟು ಹೇಳುತ್ತೇನೆ.

ಗಾಯ ತೊಳೆಯುವುದು, ಬಿಪಿ ನೋಡುವುದು, ಮಕ್ಕಳ ಭೇದಿ, ಇದೆಲ್ಲ ಮಧ್ಯಾಹ್ನದೊಳಗೆ ಮುಗಿಯುತ್ತದೆ. ಅಸಲಿ ಕೆಲಸ ಆಮೇಲೆ. ಟಿಬಿ ಮಾತ್ರೆ ಸರ್ಕಾರದ್ದು, ಫ್ರೀ. ಆದರೆ ಸಾಮಾನ್ಯ ಟಿಬಿಗೂ 6 ತಿಂಗಳು ಬಿಡದೆ ನುಂಗಬೇಕು. ಇಲ್ಲಿ ಯಾದಗಿರಿ, ಕಲಬುರಗಿ ಕಡೆಯಿಂದ ಕಟ್ಟಡ ಕೆಲಸಕ್ಕೆ ಬಂದವರು ಜಾಸ್ತಿ. ಕೆಮ್ಮು ನಿಂತ ಕೂಡಲೇ ಮಾತ್ರೆಯೂ ನಿಂತುಬಿಡುತ್ತದೆ. ಟಿಬಿ ಔಷಧಿಗಳಲ್ಲೊಂದಾದ ರಿಫಾಂಪಿಸಿನ್ ತಗೊಂಡರೆ ಉಚ್ಚೆ ಕೇಸರಿ ಬಣ್ಣಕ್ಕೆ ತಿರುಗುತ್ತದೆ. ರಕ್ತ ಹೋಗ್ತಿದೆ ಅಂತ ಹೆದರಿ ಬಿಟ್ಟವರೂ ಇದ್ದಾರೆ.

ಮಂಗಳೂರು ಕಡೆಯ ಸಿಸ್ಟರ್ ಒಬ್ಬರು ಇಂಥವರನ್ನು ಹುಡುಕಿಕೊಂಡು ರಾತ್ರಿ ಎಂಟರ ಮೇಲೆ ಸೈಟಿನ ತಗಡಿನ ಶೆಡ್ಡಿಗೆ ಹೋಗುತ್ತಿದ್ದರು. ಗಂಡಸರು ಸಿಗುವುದೇ ಆಗ. ಒಂದು ಸಲ ನಾನೂ ಜೊತೆಗಿದ್ದೆ. ಗಾರೆ ಕೆಲಸದವನೊಬ್ಬ, "ಕೆಮ್ಮು ನಿಂತೈತ್ರಿ ಅಕ್ಕಾರ, ಇನ್ಯಾಕ್ರಿ ಗುಳಿಗಿ?" ಅಂದ. ಸಿಸ್ಟರ್ ಉಪದೇಶಕ್ಕೆ ಇಳಿಯಲಿಲ್ಲ. ಮೂಲೆಯಲ್ಲಿ ಮಲಗಿದ್ದ ಮಗಳ ಕಡೆ ನೋಡಿ, "ಇವಳಿಗೂ ಬರಬೇಕು ಅಂತ ಉಂಟಾ ಅಣ್ಣ?" ಅಂತ ಕೇಳಿದರು. ಅವನು ಸುಮ್ಮನೆ ಹಾಸಿಗೆ ಅಡಿಯಿಂದ ಸ್ಟ್ರಿಪ್ ತೆಗೆದುಕೊಟ್ಟ. ಉಳಿದ ಮಾತ್ರೆ ಎಣಿಸಿ ಅಲ್ಲೇ ನೋಟ್‌ಬುಕ್‌ನಲ್ಲಿ ಬರೆದುಕೊಂಡರು.

ಇನ್ನು ಕಾಗದ ಪತ್ರದ ಓಡಾಟ. ಟಿಬಿ ಇರುವವರಿಗೆ ಊಟಕ್ಕೆಂದು ಸರ್ಕಾರ 2018ರಿಂದ ತಿಂಗಳಿಗೆ 500 ರೂಪಾಯಿ ಕೊಡುತ್ತಿತ್ತು, 2024ರ ನವೆಂಬರ್‌ನಿಂದ 1000. ದುಡ್ಡು ಬರುವುದು ಬ್ಯಾಂಕ್ ಖಾತೆಗೆ. ಪಾಸ್‌ಬುಕ್ ನೋಡಿದರೆ ಊರಲ್ಲಿರುತ್ತದೆ!

ಆ ಸಿಸ್ಟರಿಗೆ ಒಂದು ದಿನ ವರ್ಗದ ಪತ್ರ ಬಂತು. ಶೆಡ್ಡಿನ ಮಕ್ಕಳೆಲ್ಲ ಹೆಸರು ಹಿಡಿದು ಕರೆಯುವಷ್ಟು ಹತ್ತಿರವಾಗಿದ್ದರು, ಆದರೂ ಹೊರಟರು. ವಿಧೇಯತೆಯ ವ್ರತ ಅಂದರೆ ಇದೇ. ನನ್ನ ಲೆಕ್ಕದಲ್ಲಿ ಬಡತನದ ವ್ರತಕ್ಕಿಂತ ಇದೇ ಕಷ್ಟ. ಬಡತನ ಮನೆಯವರಿಗೂ ತಟ್ಟುತ್ತದೆ, ಅದು ಬೇರೆ ಮಾತು: ಸಂಬಳ ಬಂದರೂ ಅದು ಸಂಸ್ಥೆಯದ್ದು. ನೀವು ತಂಗಿಯ ದುಡಿಮೆ ನೆಚ್ಚಿಕೊಂಡಿದ್ದರೆ ಈಗಲೇ ಮಾತಾಡಿಕೊಳ್ಳಿ.

ಹಾಗಂತ ಇವತ್ತು ಹೋದವಳು ನಾಳೆಯೇ ಸಿಸ್ಟರ್ ಆಗುವುದಿಲ್ಲ. ನೊವಿಶಿಯೇಟ್, ಅಂದರೆ ವ್ರತಕ್ಕೆ ಮುಂಚಿನ ತರಬೇತಿ, ಕನಿಷ್ಠ 1 ವರ್ಷ, ಆಮೇಲೆ ತಾತ್ಕಾಲಿಕ ವ್ರತ ಕನಿಷ್ಠ 3 ವರ್ಷ. ಆ ಅವಧಿ ಮುಗಿದಾಗ ಬೇಡ ಅನಿಸಿದರೆ ವಾಪಸ್ ಬರಬಹುದು.

ಕಲಿತ ನರ್ಸಿಂಗ್ ದಂಡವಾಗುತ್ತದೆ ಅಂತ ಮನೆಯಲ್ಲಿ ಯಾರಾದರೂ ಅಂದರೆ ಇದನ್ನು ಹೇಳಿ. ಮದರ್ ತೆರೇಸಾ ಕೂಡ 1948ರಲ್ಲಿ ಕಾನ್ವೆಂಟ್ ಬಿಟ್ಟ ಮೇಲೆ ಮೊದಲು ಹೋಗಿದ್ದು ಪಟ್ನಾದ ಹೋಲಿ ಫ್ಯಾಮಿಲಿ ಆಸ್ಪತ್ರೆಗೆ, ಮೆಡಿಕಲ್ ಮಿಷನ್ ಸಿಸ್ಟರ್‌ಗಳ ಹತ್ತಿರ ಕೆಲಸ ಕಲಿಯಲು. ಆ ಸಿಸ್ಟರ್‌ಗಳ ಸಂಸ್ಥೆಯನ್ನು 1925ರಲ್ಲಿ ಕಟ್ಟಿದ ಆನಾ ಡೆಂಗಲ್ ಸ್ವತಃ ಡಾಕ್ಟರ್. ಆಗ ಕನ್ಯಾಸ್ತ್ರೀಯರು ಡಾಕ್ಟರಾಗಿ ಹೆರಿಗೆ ಮಾಡಿಸಲು ಚರ್ಚಿನ ಕಾನೂನೇ ಅಡ್ಡವಿತ್ತು. ರೋಮ್ ಒಪ್ಪಿದ್ದು 1936ರಲ್ಲಿ.

ಬೈಕಲಾದಲ್ಲಿ ಮದರ್ ತೆರೇಸಾ ಸಿಸ್ಟರ್‌ಗಳ ಆಶಾ ದಾನ್ ಇದೆ. ಬಿಟ್ಟುಹೋದ ಮಕ್ಕಳು, ದಿಕ್ಕಿಲ್ಲದ ರೋಗಿಗಳು ಅಲ್ಲಿದ್ದಾರೆ. ತಂಗಿಯನ್ನು ಕರೆದುಕೊಂಡು ಹೋಗಿ ನೋಡಿ ಬನ್ನಿ. ಆದರೆ ಸೀರೆ ನೋಡಿ ಮರುಳಾಗುವುದು ಬೇಡ. 1994ರಲ್ಲಿ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯ ಸಂಪಾದಕರು ಕೋಲ್ಕತಾದಲ್ಲಿ ಇದೇ ಸಿಸ್ಟರ್‌ಗಳು ಸಾಯುವವರಿಗಾಗಿ ನಡೆಸುವ ಮನೆ ನೋಡಿ ಬಂದು, ಸಾಯುವವರಿಗೆ ಬಲವಾದ ನೋವಿನ ಔಷಧಿ ಕೊಡುತ್ತಿಲ್ಲ ಅಂತ ಬರೆದಿದ್ದರು. ಔಷಧಿ ಮಾರುವವನಾಗಿ ನನಗೆ ಅದು ಸಣ್ಣ ವಿಷಯ ಅಲ್ಲ. ಸೇರುವ ಸಂಸ್ಥೆಯಲ್ಲಿ ತಂಗಿ ನೇರವಾಗಿ ಕೇಳಲಿ: ಡಾಕ್ಟರು ಎಷ್ಟು ಸಲ ಬರುತ್ತಾರೆ, ನೋವಿಗೆ ಏನು ಕೊಡುತ್ತೀರಿ, ನನ್ನನ್ನು ನರ್ಸಾಗಿಯೇ ಇಡುತ್ತೀರಾ? ತಡವರಿಸಿದರೆ ಬೇರೆ ಕಡೆ ನೋಡಿ. ಮುಂಬೈಯಲ್ಲಿ ಕಾನ್ವೆಂಟುಗಳಿಗೇನು ಬರ ಇಲ್ಲ.