ಕಾಂಪೌಂಡಿನ ಆಚೆ ಮನೆ ಹುಡುಗಿ

ದಾವಣಗೆರೆಯ ನಿಟುವಳ್ಳಿಯಿಂದ ಒಬ್ಬ ತಾಯಿ ನಾಲ್ಕು ಪುಟದ ಪತ್ರ ಬರೆದಿದ್ದಾರೆ. ಹೆಸರು ಹಾಕಬೇಡಿ ಅಂದಿದ್ದಾರೆ, ಹಾಕಿಲ್ಲ. ಪತ್ರದ ಮುಖ್ಯ ಭಾಗ ಇಷ್ಟು:

"ನನ್ನ ಮಗಳು ಮತ್ತು ಪಕ್ಕದ ಮನೆ ಹುಡುಗಿ ಒಂದನೇ ಕ್ಲಾಸಿನಿಂದ ಹತ್ತನೇ ಕ್ಲಾಸಿನವರೆಗೆ ಕೈ ಕೈ ಹಿಡಿದು ಶಾಲೆಗೆ ನಡೆದವರು. ಹೋಗೋಕೆ ಇಪ್ಪತ್ತು ನಿಮಿಷ, ಬರೋಕೆ ಇಪ್ಪತ್ತು ನಿಮಿಷ. ಎಸ್ಸೆಸ್ಸೆಲ್ಸಿಯಲ್ಲಿ ನನ್ನ ಮಗಳಿಗೆ 598 ಬಂತು, ಅವಳಿಗೆ 431. ಇವಳು ಸೈನ್ಸ್ ತಗೊಂಡು ಖಾಸಗಿ ಕಾಲೇಜು ಸೇರಿದಳು, ಅವಳು ಕಾಮರ್ಸ್ ತಗೊಂಡು ಸರ್ಕಾರಿ ಕಾಲೇಜು. ಈಗ ಆರು ತಿಂಗಳಿಂದ ಮಾತೇ ಇಲ್ಲ. ಗೇಟಿನ ಹತ್ತಿರ ಎದುರಾದರೆ ಇಬ್ಬರೂ ಫೋನ್ ನೋಡುತ್ತಾರೆ. ಇವಳಿಗೆ ಹೊಸ ಗುಂಪು ಸಿಕ್ಕಿದೆ. ರಾತ್ರಿ ಹನ್ನೊಂದಾದರೂ ಫೋನಿನಲ್ಲಿ ನಗುತ್ತಿರುತ್ತಾಳೆ. ಕೇಳಿದರೆ 'ಸುಮ್ನಿರಮ್ಮ' ಅಂತಾಳೆ. ಈ ಫೋನ್ ಬಂದು ಸ್ನೇಹ ಹಾಳಾಯಿತಾ? ನನ್ನ ಮಗಳ ಮನಸ್ಸು ಕಲ್ಲಾಯಿತಾ? ಇಬ್ಬರನ್ನೂ ಕೂರಿಸಿ ಮಾತಾಡಿಸಲಾ? ಈಗ ನನಗೂ ಅವರ ತಾಯಿಗೂ ಮೊದಲಿನ ಹಾಗೆ ಮಾತಿಲ್ಲ. ಅವರ ಸ್ಟೀಲ್ ಡಬ್ಬ ದಸರಾದಿಂದ ನನ್ನ ಅಡುಗೆಮನೆಯಲ್ಲೇ ಇದೆ."

ಪ್ರೀತಿಯ ಸೋದರಿ,

ಮೊದಲು ಒಂದು ಕಥೆ ಹೇಳುತ್ತೇನೆ. ಇದರಲ್ಲಿ ಫೋನ್ ಇಲ್ಲ.

ನಾನು ಎಸ್ಸೆಸ್ಸೆಲ್ಸಿ ಮುಗಿಸಿದ್ದು 1984ರಲ್ಲಿ. ಆಗ ದಾವಣಗೆರೆ ಇನ್ನೂ ಚಿತ್ರದುರ್ಗ ಜಿಲ್ಲೆಯಲ್ಲಿತ್ತು. ನಮ್ಮ ಬೀದಿಯಲ್ಲಿ ಫೋನ್ ಇದ್ದ ಮನೆ ಒಂದೇ ಒಂದು. ನನಗೊಬ್ಬ ಗೆಳೆಯನಿದ್ದ. ಏಳು ವರ್ಷ ಒಂದೇ ಬೆಂಚು. ಸಂಜೆ ಆದರೆ ಒಂದೇ ಪೇಪರಿನಲ್ಲಿ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ. ಮೆಣಸಿನಕಾಯಿ ಮೂರು ಬಂದರೆ ಮೂರನೆಯದನ್ನು ಮಧ್ಯಕ್ಕೆ ಮುರಿಯುತ್ತಿದ್ದೆವು, ತೊಟ್ಟಿನ ಕಡೆ ಯಾರಿಗೆ ಅಂತ ಜಗಳ. ರಿಸಲ್ಟ್ ಬಂದ ಮೇಲೆ ನಾನು ಕಾಲೇಜು ಸೇರಿದೆ. ಅವನು ಅವರಪ್ಪನ ಜೊತೆ ಮಂಡಕ್ಕಿ ಭಟ್ಟಿಗೆ ಸೇರಿದ.

ಮೊದಮೊದಲು ದಿನಾ ಭಟ್ಟಿಗೆ ಹೋಗುತ್ತಿದ್ದೆ. ಕಾದ ಮರಳಿಗೆ ಅಕ್ಕಿ ಬಿದ್ದ ತಕ್ಷಣ ಅರಳುತ್ತಿತ್ತು, ಅವನು ಕಣ್ಣು ಮಿಟುಕಿಸುವುದರೊಳಗೆ ಅದನ್ನು ಜರಡಿಗೆ ಎಳೆಯುತ್ತಿದ್ದ. ಮುಂಗೈ ಮೇಲಿನ ಕೂದಲೆಲ್ಲ ಸುಟ್ಟು ನುಣ್ಣಗಾಗಿತ್ತು. ಬಿಸಿ ಮಂಡಕ್ಕಿ ಒಂದು ಹಿಡಿ ನನ್ನ ಕೈಗೆ ಹಾಕಿ ಒಂದಿನ ಕೇಳಿದ, "ಕಾಲೇಜಿನಾಗೆ ಏನು ಹೇಳಿಕೊಡ್ತಾರಲೇ?" ನಾನು "ಏನಿಲ್ಲ ಬಿಡಲೇ" ಅಂದೆ. ಹೇಳಿದರೆ ಅವನಿಗೆ ಅರ್ಥವಾಗಲ್ಲ ಅಂದುಕೊಂಡೆ. ಅವನು ಮತ್ತೆ ಕೇಳಲಿಲ್ಲ. ದಿನಾ ಹೋಗುತ್ತಿದ್ದವನು ವಾರಕ್ಕೊಮ್ಮೆ ಹೋದೆ, ಆಮೇಲೆ ಹಬ್ಬಕ್ಕೊಮ್ಮೆ. ಜಗಳ ಆಡಿದ್ದು ನೆನಪಿಲ್ಲ. ಆಡಿದ್ದರೆ ರಾಜಿಯಾದರೂ ಆಗುತ್ತಿತ್ತು.

ಆದ್ದರಿಂದ ಸೋದರಿ, ಫೋನ್ ಇಲ್ಲದ ಕಾಲದಲ್ಲೂ ಹದಿನಾರರ ಹೊತ್ತಿಗೆ ಸ್ನೇಹ ಹೀಗೇ ಜಾರುತ್ತಿತ್ತು. ನಿಮ್ಮ ಮಗಳ ಮನಸ್ಸು ಕಲ್ಲಾಗಿಲ್ಲ. ಅವಳು ಬೆಳೆಯುತ್ತಿದ್ದಾಳೆ, ಅಷ್ಟೇ.

ಹ್ಯಾರಿ ಸ್ಟಾಕ್ ಸಲ್ಲಿವನ್ ಎಂಬ ಅಮೆರಿಕದ ಮನೋವೈದ್ಯರು ಈ ಬಗ್ಗೆ ತುಂಬ ಯೋಚನೆ ಮಾಡಿದ್ದರು. ಒಂಬತ್ತು ಹತ್ತು ವರ್ಷದ ಸುಮಾರಿಗೆ ಮಗುವಿಗೆ ಒಬ್ಬ ಜೀವದ ಗೆಳೆಯ ಅಥವಾ ಗೆಳತಿ ಸಿಗುತ್ತಾರೆ, ತನ್ನ ಸುಖದಷ್ಟೇ ಇನ್ನೊಬ್ಬರ ಸುಖವೂ ಮುಖ್ಯ ಅಂತ ಮಗುವಿಗೆ ಮೊದಲ ಸಲ ಅನಿಸುವುದು ಅಲ್ಲಿ ಅಂದರು. ಒಂದೇ ತರಹದ ರಿಬ್ಬನ್ ಬೇಕು ಅಂತ ಇಬ್ಬರೂ ಹಟ ಮಾಡಿದ್ದನ್ನು ನೀವು ಬರೆದಿದ್ದೀರಲ್ಲ, ಅದು ಆ ವಯಸ್ಸು. ಆಮೇಲೆ ಏನಾಗುತ್ತೆ ಅಂತ ನೋಡಿದವರು ಡೆಕ್ಸ್ಟರ್ ಡನ್ಫಿ. ಅವರು ಆಸ್ಟ್ರೇಲಿಯಾದ ಸಿಡ್ನಿಯಲ್ಲಿ ಬೀದಿ ಮೂಲೆ, ಸಮುದ್ರ ತೀರ, ಮನೆಗಳಲ್ಲಿ ಹರೆಯದ ಮಕ್ಕಳ ಜೊತೆ ಓಡಾಡಿ, 1963ರಲ್ಲಿ ಅದನ್ನು ಪ್ರಕಟಿಸಿದರು. ಮೊದಲು ಹುಡುಗಿಯರದೇ ಒಂದು, ಹುಡುಗರದೇ ಒಂದು ಸಣ್ಣ ಗುಂಪು. ಆಮೇಲೆ ಅವು ಒಂದಕ್ಕೊಂದು ಹತ್ತಿರ ಬಂದು ದೊಡ್ಡ ಗುಂಪಾಗುತ್ತವೆ, ಹುಡುಗ ಹುಡುಗಿಯರು ಬೆರೆಯುತ್ತಾರೆ. ಕೊನೆಗೆ ಆ ದೊಡ್ಡ ಗುಂಪೂ ಒಡೆದು ಜೋಡಿ ಜೋಡಿಯಾಗಿ ಸಡಿಲವಾಗುತ್ತದೆ. ಸಿಡ್ನಿ ಎಲ್ಲಿ, ನಿಟುವಳ್ಳಿ ಎಲ್ಲಿ? ನಮ್ಮಲ್ಲಿ ಹುಡುಗ ಹುಡುಗಿ ಬೆರೆಯುವುದಕ್ಕೆ ಮನೆಯವರ ಕಣ್ಣು, ಬೀದಿಯವರ ಕಣ್ಣು ಎಲ್ಲ ಅಡ್ಡ ಬರುತ್ತವೆ. ಆದರೂ ಗುಂಪು ದೊಡ್ಡದಾಗಿ, ಹಳೆಯ ಒಬ್ಬಳು ಗೆಳತಿ ಅಂಚಿಗೆ ಸರಿಯುವುದನ್ನು ನಾವೂ ನೋಡಿದ್ದೇವೆ, ಅಲ್ವಾ?

ಈಗ ನಿಮ್ಮ ಮನೆ ವಿಷಯಕ್ಕೆ ಬರೋಣ. ನೀವು ಬರೆದ ಆ ನಲವತ್ತು ನಿಮಿಷದ ನಡಿಗೆ ನನ್ನ ಮನಸ್ಸಿಗೆ ನಾಟಿತು. ಕೂತು ಲೆಕ್ಕ ಹಾಕಿದೆ. ವರ್ಷಕ್ಕೆ 200 ದಿನ ಶಾಲೆ ಅಂದುಕೊಂಡರೂ 133 ಗಂಟೆ. ಹತ್ತು ವರ್ಷಕ್ಕೆ 1,300 ಗಂಟೆಯ ಮೇಲೆ. ಬರೀ ನಡಿಗೆಯಲ್ಲಿ! ಅಮೆರಿಕದ ಕಾನ್ಸಾಸ್ ವಿಶ್ವವಿದ್ಯಾಲಯದ ಜೆಫ್ರಿ ಹಾಲ್ ಎಂಬುವರು 2018ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಹೊಸ ಊರಿಗೆ ಬಂದ ದೊಡ್ಡವರು, ಹೊಸದಾಗಿ ಕಾಲೇಜು ಸೇರಿದವರು ಇವರನ್ನೆಲ್ಲ ಕೇಳಿ ನೋಡಿದರು. ಪರಿಚಯದವರು ಸಾಧಾರಣ ಗೆಳೆಯರಾಗೋಕೆ ಸುಮಾರು 50 ಗಂಟೆ ಜೊತೆಗಿರಬೇಕು, ಗಟ್ಟಿ ಸ್ನೇಹಕ್ಕೆ 200 ಗಂಟೆಗೂ ಜಾಸ್ತಿ ಬೇಕು ಅಂತ ಅವರಿಗೆ ಕಂಡಿತು. ಕೆಲಸದ ಜಾಗದಲ್ಲಿ ಒಟ್ಟಿಗೆ ಕಳೆದ ಗಂಟೆ ಅಷ್ಟು ಲೆಕ್ಕಕ್ಕೆ ಬರಲಿಲ್ಲ. ಸುಮ್ನೆ ಕೂತು ಹರಟಿದ್ದು, ಆಡಿದ್ದು, ಓಡಾಡಿದ್ದು ಲೆಕ್ಕಕ್ಕೆ ಬಂತು.

ಈಗ ನಿಮ್ಮ ಮಗಳ ದಿನ ನೋಡಿ. ನೀವೇ ಬರೆದಿದ್ದೀರಿ: ಬೆಳಿಗ್ಗೆ ಏಳೂವರೆಗೆ ಕಾಲೇಜು ವ್ಯಾನ್. ಸಂಜೆ ಐದಕ್ಕೆ ಕ್ಲಾಸ್ ಮುಗಿದರೆ ಅಲ್ಲೇ ನೀಟ್ ಕೋಚಿಂಗ್, ಏಳೂವರೆವರೆಗೆ. ಭಾನುವಾರ ಟೆಸ್ಟ್. ಪಕ್ಕದ ಮನೆ ಹುಡುಗಿ ನಾಲ್ಕೂವರೆಗೆ ಮನೆಗೆ ಬರುತ್ತಾಳೆ. ಇಬ್ಬರಿಗೂ ಒಟ್ಟಿಗೆ ಬಿಡುವು ಇರುವ ಒಂದು ಗಂಟೆ ಹುಡುಕಿ ಕೊಡಿ ನೋಡೋಣ. ನನಗಂತೂ ಸಿಗಲಿಲ್ಲ. ಮಕ್ಕಳ ದಿನದಿಂದ ಸುಮ್ನೆ ಇರುವ ಹೊತ್ತನ್ನೆಲ್ಲ ನಾವು ದೊಡ್ಡವರು ಒಂದೊಂದಾಗಿ ತೆಗೆದುಬಿಟ್ಟೆವು. ಉಳಿದದ್ದು ರಾತ್ರಿ ಹತ್ತರ ಮೇಲಿನ ಹೊತ್ತು. ಆ ಹೊತ್ತಿನಲ್ಲಿ ಅವರ ಕೈಯಲ್ಲಿ ಇರುವುದು ಫೋನ್. ಅದರಲ್ಲಿ ನಗುತ್ತಾಳೆ. ಪಾಪ, ಇನ್ನೆಲ್ಲಿ ನಗಬೇಕು?

ಹೆಣ್ಣುಮಕ್ಕಳಿಗೆ ಇದು ಇನ್ನೂ ಕಷ್ಟ. ಇದನ್ನು ಗಟ್ಟಿಯಾಗಿಯೇ ಹೇಳುತ್ತೇನೆ. ಹುಡುಗರು ಮಂಡಕ್ಕಿ ಅಂಗಡಿ ಮುಂದೆ ನಿಲ್ಲುತ್ತಾರೆ, ಹೈಸ್ಕೂಲ್ ಮೈದಾನಕ್ಕೆ ಹೋಗುತ್ತಾರೆ, ಬೈಕಿನ ಮೇಲೆ ಕೂತು ಒಂದು ಗಂಟೆ ಮಾತಾಡುತ್ತಾರೆ. ಯಾರೂ ಕೇಳುವುದಿಲ್ಲ. ಹದಿನಾರರ ಇಬ್ಬರು ಹುಡುಗಿಯರು ಕುಂದುವಾಡ ಕೆರೆ ಏರಿ ಮೇಲೆ ಸಂಜೆ ಒಂದು ಗಂಟೆ ಕೂರಲಿ. "ಯಾರ ಮನೆ ಮಕ್ಕಳು, ಇಲ್ಲೇನು ಮಾಡ್ತಿದ್ದೀರಿ?" ಅಂತ ಕೇಳುವವರು ನಾಲ್ಕು ಜನ ಬರುತ್ತಾರೆ. 2023ರ ಜೂನ್ 11ರಿಂದ ಶಕ್ತಿ ಯೋಜನೆ ಬಂದು ಸರ್ಕಾರಿ ಬಸ್ಸಿನಲ್ಲಿ ಹೆಣ್ಣುಮಕ್ಕಳಿಗೆ ಟಿಕೆಟ್ ಕಾಸು ತಪ್ಪಿತು. ಹರಿಹರದವರೆಗೆ ಹೋಗಿ ಬರೋದು ಈಗ ದುಡ್ಡಿನ ಪ್ರಶ್ನೆ ಅಲ್ಲ. ಮನೆಯಿಂದ ಒಪ್ಪಿಗೆ ಸಿಗಬೇಕು, ಅದು ಸಿಗುವುದಿಲ್ಲ. ಮನೆಯ ಟೆರೇಸಾದರೂ ಅವರಿಗೆ ಬಿಡಿ. ಬಟ್ಟೆ ತೆಗೆಯುವ ನೆಪದಲ್ಲಿ ಹತ್ತು ನಿಮಿಷಕ್ಕೊಮ್ಮೆ ಮೇಲೆ ಹೋಗಬೇಡಿ.

ಫೋನಿನ ತಪ್ಪೇ ಇಲ್ಲ ಅಂತ ನಾನು ಹೇಳುತ್ತಿಲ್ಲ. ಒಂದು ವಿಷಯದಲ್ಲಿ ಅದು ಕ್ರೂರವಾಗಿದೆ. ನಾವು ಚಿಕ್ಕವರಿದ್ದಾಗ ನಮ್ಮನ್ನು ಬಿಟ್ಟು ಉಳಿದವರು ಸಿನಿಮಾಕ್ಕೆ ಹೋದರೆ ಮಾರನೇ ದಿನವೋ, ವಾರದ ಮೇಲೋ ಗೊತ್ತಾಗುತ್ತಿತ್ತು. ಎಷ್ಟೋ ಸಲ ಗೊತ್ತೇ ಆಗುತ್ತಿರಲಿಲ್ಲ. ಈಗ ಹಾಗಿಲ್ಲ. ನಿಮ್ಮ ಮಗಳು ಹೊಸ ಗೆಳತಿಯರ ಜೊತೆ ಬೆಣ್ಣೆ ದೋಸೆ ತಿನ್ನುವ ಫೋಟೋ ಸ್ಟೇಟಸ್ ಹಾಕಿದರೆ, ದೋಸೆ ಆರುವ ಮೊದಲೇ ಕಾಂಪೌಂಡಿನ ಆಚೆ ಒಬ್ಬಳು ಅದನ್ನು ನೋಡಿರುತ್ತಾಳೆ. ನೋಡಿದ್ದಾಳೆ ಅಂತ ಇವಳಿಗೂ ಕಾಣುತ್ತದೆ. 2003ರಲ್ಲಿ ನವೋಮಿ ಐಸೆನ್‌ಬರ್ಗರ್ ಮತ್ತು ಅವರ ಜೊತೆಗಾರರು ಒಂದು ಪ್ರಯೋಗ ಮಾಡಿದರು. ಕಂಪ್ಯೂಟರಿನಲ್ಲಿ ಮೂವರು ಚೆಂಡು ಎಸೆದಾಡುವ ಆಟ. ಸ್ವಲ್ಪ ಹೊತ್ತಿನ ಮೇಲೆ ಒಬ್ಬರಿಗೆ ಚೆಂಡು ಬರುವುದೇ ನಿಂತುಹೋಗುತ್ತದೆ. ಆಗ ಆ ವ್ಯಕ್ತಿಯ ಮಿದುಳಿನ ಸ್ಕ್ಯಾನ್ ನೋಡಿದರೆ, ಮೈಗೆ ನೋವಾದಾಗ ಚುರುಕಾಗುವ ಒಂದು ಭಾಗ ಚುರುಕಾಗಿತ್ತು. ಗೊತ್ತಿಲ್ಲದವರು ಎಸೆಯುವ ಸುಳ್ಳು ಚೆಂಡಿಗೇ ಹಾಗೆ. ಹತ್ತು ವರ್ಷ ಕೈ ಹಿಡಿದು ನಡೆದವಳು ಚೆಂಡು ಎಸೆಯುವುದು ಬಿಟ್ಟರೆ? ಗೇಟಿನ ಹತ್ತಿರ ಇಬ್ಬರೂ ಫೋನ್ ನೋಡುತ್ತಾರೆ ಅಂದಿರಲ್ಲ, ಮುಖ ಮುಚ್ಚಿಕೊಳ್ಳೋಕೆ ಅವರಿಗೆ ಸಿಕ್ಕಿದ್ದು ಅದೊಂದೇ.

ಗಂಡುಮಕ್ಕಳ ತಾಯಂದಿರೂ ಈ ಪುಟ ಓದುತ್ತಾರೆ, ಅವರಿಗೂ ಒಂದು ಮಾತು. 2005ರಲ್ಲಿ ಮಾರ್ಗೋ ಗಾರ್ಡ್ನರ್, ಲಾರೆನ್ಸ್ ಸ್ಟೈನ್‌ಬರ್ಗ್ ಎಂಬಿಬ್ಬರು ಕಾರು ಓಡಿಸುವ ಕಂಪ್ಯೂಟರ್ ಆಟ ಆಡಿಸಿದರು. 13ರಿಂದ 16 ವರ್ಷದವರು ಗೆಳೆಯರು ಪಕ್ಕದಲ್ಲಿದ್ದಾಗ, ಒಬ್ಬರೇ ಇದ್ದಾಗಿಗಿಂತ ತುಂಬ ಜಾಸ್ತಿ ಅಪಾಯಕ್ಕೆ ಕೈಹಾಕಿದರು. 24 ದಾಟಿದವರು ಗೆಳೆಯರಿದ್ದರೂ ಒಂದೇ, ಇಲ್ಲದಿದ್ದರೂ ಒಂದೇ. ಹದಡಿ ರಸ್ತೆಯಲ್ಲಿ ಒಂದು ಸ್ಕೂಟರ್ ಮೇಲೆ ಮೂವರು ಹುಡುಗರು ಹೋಗುವುದನ್ನು ಕಂಡಾಗೆಲ್ಲ ನನಗೆ ಇದು ನೆನಪಾಗಿ ಹೊಟ್ಟೆ ಚುರ್ ಅನ್ನುತ್ತೆ. ಅದೇ ಹುಡುಗ ಒಬ್ಬನೇ ಇದ್ದರೆ ನಿಧಾನ ಹೋಗುತ್ತಾನೆ. ಹದಿನೆಂಟು ತುಂಬುವವರೆಗೆ ಗಾಡಿ ಕೀ ನಿಮ್ಮ ಹತ್ತಿರವೇ ಇರಲಿ.

ಸೋದರಿ, ಒಂದು ಮಾತು ಹೇಳಲೇಬೇಕು, ಬೇಜಾರು ಮಾಡಿಕೊಳ್ಳಬೇಡಿ. ಪತ್ರದಲ್ಲಿ ಇಬ್ಬರ ಅಂಕವನ್ನೂ ಬರೆದಿದ್ದೀರಿ. ನಿಮ್ಮ ಮಗಳದು ಸರಿ. ಅವಳದು ಏಕೆ ನೆನಪಿದೆ? ರಿಸಲ್ಟ್ ದಿನ ಪೇಡ ಹಂಚುವಾಗ ಆ ಅಂಕ ನಿಮ್ಮ ಮನೆ ಬಾಗಿಲಲ್ಲಿ ಯಾರ ಬಾಯಿಂದಲಾದರೂ ಬಂದಿತ್ತಾ? 625ಕ್ಕೆ 431 ಅಂದರೆ ಫಸ್ಟ್ ಕ್ಲಾಸ್. ಅವರ ಮನೆಯಲ್ಲಿ ಅವತ್ತು ಪಾಯಸ ಮಾಡಿದ್ದರೋ ಏನೋ. ನಿಮ್ಮದನ್ನು ಕೇಳಿದ ಮೇಲೆ ಅದು ಸಪ್ಪೆಯಾಗಿರಬಹುದು. ನಾನು ಭಟ್ಟಿಯಲ್ಲಿ "ಏನಿಲ್ಲ ಬಿಡಲೇ" ಅಂದವನು. ಆದ್ದರಿಂದ ನನಗೆ ಇದು ಗೊತ್ತು. ದೊಡ್ಡ ಮಾತು ಬೇಕಿಲ್ಲ, ಇಂಥ ಒಂದು ಸಣ್ಣ ಮಾತು ಸಾಕು, ನಮ್ಮ ದಾರಿ ಮೇಲು, ನಿಮ್ಮದು ಕೆಳಗೆ ಅಂತ ಇನ್ನೊಬ್ಬರಿಗೆ ಕೇಳಿಸೋಕೆ. ಆ ಹುಡುಗಿಯನ್ನು ಒಂದು ಸಲ ಅವಳ ಅಕೌಂಟೆನ್ಸಿ ಬಗ್ಗೆ ಕೇಳಿ. ಅವಳು ಹೇಳಿ ಮುಗಿಸುವವರೆಗೆ ಕೇಳಿಸಿಕೊಳ್ಳಿ.

ಇಬ್ಬರನ್ನೂ ಕೂರಿಸಿ ಮಾತಾಡಿಸಲಾ ಅಂದಿರಿ. ಬೇಡ. ಐದು ವರ್ಷದ ಮಕ್ಕಳಿಗೆ "ಟೂ ಬಿಡಿ, ಕೈ ಕೊಡಿ" ಅಂದರೆ ನಡೆಯುತ್ತೆ. ಹದಿನಾರರಲ್ಲಿ ಅದು ಅವಮಾನ. ಫೋನ್ ಕಿತ್ತುಕೊಳ್ಳುವುದೂ ಬೇಡ. ಹನ್ನೊಂದಾದ ಮೇಲೆ ಎಲ್ಲರ ಫೋನೂ ನಡುಮನೆಯಲ್ಲಿ, ನಿಮ್ಮದೂ, ಯಜಮಾನರದೂ. ಎಲ್ಲರಿಗೂ ಒಂದೇ ಅಂದರೆ ಅವಳಿಗೂ ಒಪ್ಪಿಗೆಯಾಗುತ್ತೆ. ಭಾನುವಾರದ ಟೆಸ್ಟ್ ಮುಗಿದ ಮೇಲೆ ಒಂದು ಮಧ್ಯಾಹ್ನ ಅವಳಿಗೇ ಬಿಡಿ. ಅವಳು ಯಾರ ಜೊತೆ ಕಳೆದರೂ ಸರಿ, ಒಬ್ಬಳೇ ಮಲಗಿದರೂ ಸರಿ. ಹೊಸ ಗೆಳತಿಯರನ್ನು ಮನೆಗೆ ಕರೆಯಲಿ. ಬಂದಾಗ ಅವರ ಅಪ್ಪ ಏನು ಕೆಲಸ, ಟೆಸ್ಟಲ್ಲಿ ಎಷ್ಟು ಬಂತು ಅಂತ ಕೇಳಬೇಡಿ. ಚುರುಮುರಿ ಕಲಸಿ ಕೊಟ್ಟು ಒಳಗೆ ಹೋಗಿಬಿಡಿ.

ಅವಳು ಊಟ ಬಿಟ್ಟರೆ, ನಿದ್ದೆ ಹೋದರೆ, ಕಾಲೇಜಿಗೆ ಹೋಗಲ್ಲ ಅಂತ ದಿನಾ ಅತ್ತರೆ, ಹಳೆ ಗೆಳತಿಯೂ ಬೇಡ ಹೊಸಬರೂ ಬೇಡ ಅಂತ ಎಲ್ಲರಿಂದ ದೂರವಾದರೆ ಆಗ ಸುಮ್ಮನಿರಬೇಡಿ. ಟೆಲಿ ಮಾನಸ್ ಸಹಾಯವಾಣಿ 14416, ಹಗಲು ರಾತ್ರಿ ಇರುತ್ತೆ, ಕಾಸು ಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು. ನಿಮ್ಮ ಪತ್ರದಲ್ಲಿ ಅಂಥದ್ದು ನನಗೇನೂ ಕಾಣಲಿಲ್ಲ. ಕಂಡದ್ದು ರಾತ್ರಿ ಹನ್ನೊಂದಕ್ಕೆ ನಗುವ ಒಬ್ಬಳು ಹುಡುಗಿ.

ನನ್ನ ಗೆಳೆಯನ ಕಥೆ ಅರ್ಧಕ್ಕೆ ಬಿಟ್ಟೆ. ಹದಿಮೂರು ವರ್ಷದ ಮೇಲೆ ದುಗ್ಗಮ್ಮನ ಜಾತ್ರೆಯಲ್ಲಿ ಸಿಕ್ಕ. ಅವನ ಹೆಗಲ ಮೇಲೆ ಮಗಳು, ನನ್ನ ಕೈಯಲ್ಲಿ ಮಗ. ಹಳೆಯದು ಏನೂ ಮಾತಾಡಲಿಲ್ಲ. ನಿಂತಲ್ಲೇ ಮೆಣಸಿನಕಾಯಿ ತಿಂದೆವು. ಮೂರನೆಯದನ್ನು ಅವನು ಮುರಿದ, ತೊಟ್ಟಿನ ಕಡೆ ನನಗೆ ಕೊಟ್ಟ. ಆಮೇಲೂ ನಾವು ದಿನಾ ಸೇರುವವರಾಗಲಿಲ್ಲ. ಎರಡು ವರ್ಷಕ್ಕೊಮ್ಮೆ ಜಾತ್ರೆ ಬಂದಾಗ ಒಬ್ಬರನ್ನೊಬ್ಬರು ಹುಡುಕುತ್ತೇವೆ. ನಿಮ್ಮ ಮಕ್ಕಳಿಗೆ ಎಷ್ಟು ವರ್ಷ ಹಿಡಿಯುತ್ತೋ ಹೇಳಲಾರೆ. ಅವರ ಸ್ನೇಹ ಅವರಿಗೆ ಬಿಡಿ.

ಆದರೆ ನೀವಿಬ್ಬರು ತಾಯಂದಿರು ಏಕೆ ಮಾತು ಬಿಟ್ಟಿರಿ? ನಾಲ್ಕು ಪುಟದಲ್ಲಿ ನನ್ನನ್ನು ಜಾಸ್ತಿ ನೋಯಿಸಿದ್ದು ಕೊನೆಯ ಆ ಎರಡು ಸಾಲು. ಮಕ್ಕಳು ಕೈ ಕೈ ಹಿಡಿದು ನಡೆದ ಹತ್ತು ವರ್ಷವೂ ನೀವಿಬ್ಬರು ಗೇಟಿನಲ್ಲಿ ನಿಂತು ಅವರು ತಿರುವು ದಾಟುವವರೆಗೆ ನೋಡಿದವರು. ಆಮೇಲೆ ಅಲ್ಲೇ ನಿಂತು ಮಾತಾಡಿದವರು. ಆ ಗಂಟೆಗಳನ್ನು ಯಾವ ಕೋಚಿಂಗೂ ಕಿತ್ತುಕೊಂಡಿಲ್ಲ. ಮಕ್ಕಳ ಮುನಿಸನ್ನು ನೀವು ಹೊತ್ತುಕೊಂಡರೆ ನಾಳೆ ಅವರು ಮಾತಾಡಬೇಕು ಅಂದುಕೊಂಡರೂ ದಾರಿ ಇರುವುದಿಲ್ಲ.

ನಾಳೆ ಬೆಳಿಗ್ಗೆ ವ್ಯಾನ್ ಹೋದ ಮೇಲೆ ಕಾಂಪೌಂಡಿನ ಹತ್ತಿರ ಹೋಗಿ ಅವರನ್ನು ಕರೆಯಿರಿ. ಡಬ್ಬ ವಾಪಸ್ ಕೊಡಿ. ಖಾಲಿ ಮಾತ್ರ ಕೊಡಬೇಡಿ. ಶೇಂಗಾ ಚಟ್ನಿಪುಡಿಯನ್ನಾದರೂ ತುಂಬಿ.